ತವರು ತಿಳಿಯದ ವಲಸೆಗಾರ್ತಿಯ ಬೇರು ಹುಡುಕುವುದು ಹೇಗೆ: ಎಲಿಜಬೆತ್ ಟಿಲ್ಲಿಯ ದಾಖಲೆಗಳ ಜಾಡಿನಲ್ಲಿ ಒಂದು ಸಮಗ್ರ ಮಾರ್ಗದರ್ಶಿ

1627ರ ಮೇ 22ರಂದು ಉತ್ತರ ಅಮೆರಿಕದ ಪ್ಲಿಮತ್ ವಸಾಹತಿನ ಜನರು ತಮ್ಮ ದನ ಮತ್ತು ಆಡುಗಳನ್ನು 12 ಪಾಲು ಮಾಡಿ, ಪಾಲೊಂದಕ್ಕೆ 13 ಜನರಂತೆ ಹಂಚಿಕೊಂಡರು. ನಾಲ್ಕನೆಯ ಪಾಲಿಗೆ ಜೇಕಬ್ ಎಂಬ ಹಡಗಿನಲ್ಲಿ ಬಂದಿದ್ದ ನಾಲ್ಕು ಕಡಸುಗಳಲ್ಲಿ ಒಂದು ಬಂತು. ಅದರ ಹೆಸರು ರ‍್ಯಾಗ್‌ಹಾರ್ನ್ ಎಂದು ಕಡತದಲ್ಲಿ ಬರೆದಿಟ್ಟಿದ್ದಾರೆ. ಆ ಪಾಲಿನ ಪಟ್ಟಿಯಲ್ಲಿ ಮೊದಲ ಹೆಸರು ಜಾನ್ ಹೌಲೆಂಡನದು, ಎರಡನೆಯದು ಆತನ ಹೆಂಡತಿ ಎಲಿಜಬೆತ್ ಹೌಲೆಂಡಳದು, ಅವರ ಬೆನ್ನಿಗೆ ಮಕ್ಕಳಾದ ಜಾನ್ ಮತ್ತು ಡಿಸೈರ್ ಇದ್ದಾರೆ. ಕಡಸಿಗೆ ಯಾವ ಹೆಸರಿತ್ತು, ಅದು ಯಾವ ಹಡಗಿನಲ್ಲಿ ಬಂತು ಎಂಬುದನ್ನೆಲ್ಲ ಉಳಿಸಿಕೊಟ್ಟ ಆ ಪುಟ ಎಲಿಜಬೆತ್ ಯಾರ ಮಗಳು, ಯಾವ ಊರಿನವಳು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಹದಿನೇಳನೆಯ ಶತಮಾನದ ಇಂಗ್ಲಿಷ್ ವಸಾಹತುಗಳ ಬಹುಪಾಲು ಹೆಂಗಸರ ಸ್ಥಿತಿ ಇದೇ. ಅಂದಿನ ಇಂಗ್ಲಿಷ್ ಕಾನೂನಿನ ಪ್ರಕಾರ ಮದುವೆಯಾದ ಹೆಣ್ಣಿನ ಪ್ರತ್ಯೇಕ ಅಸ್ತಿತ್ವ ಗಂಡನದರೊಳಗೆ ಕರಗಿಹೋಗುತ್ತಿತ್ತು. ಜಮೀನು ಗಂಡನ ಹೆಸರಿನಲ್ಲಿ, ತೆರಿಗೆ ಗಂಡನ ಹೆಸರಿನಲ್ಲಿ, ನ್ಯಾಯಾಲಯದ ದಾವೆಯೂ ಗಂಡನ ಹೆಸರಿನಲ್ಲಿ ಇರುತ್ತಿದ್ದುದರಿಂದ, ಮದುವೆಯ ದಿನದಿಂದ ಆಕೆಯ ತವರಿನ ಹೆಸರು ಬರಹದಿಂದ ಮಾಯವಾಗುತ್ತಿತ್ತು. ಅದೇ ಕಾಲದಲ್ಲಿ ಫ್ರೆಂಚರ ಕ್ವಿಬೆಕ್‌ಗೆ 1663ರಿಂದ 1673ರವರೆಗೆ ಬಂದ ಸುಮಾರು 770 ವಧುಗಳ ವಂಶ ಹುಡುಕುವವರ ಕೆಲಸ ಎಷ್ಟೋ ಹಗುರ, ಏಕೆಂದರೆ ಅಲ್ಲಿನ ಕ್ಯಾಥೊಲಿಕ್ ಚರ್ಚುಗಳ ಮದುವೆಯ ದಾಖಲೆಗಳು ಸಾಮಾನ್ಯವಾಗಿ ವಧುವಿನ ತಂದೆ, ತಾಯಿ, ಹುಟ್ಟೂರು ಮೂರನ್ನೂ ಬರೆಯುತ್ತಿದ್ದವು. ಇಂಗ್ಲಿಷರ ದಾಖಲೆಗಳಲ್ಲಿ ಆ ಸೌಕರ್ಯವಿಲ್ಲ. ಹಾಗಿದ್ದರೂ ಎಲಿಜಬೆತ್‌ಳ ತವರು ಸಿಕ್ಕಿತು. ಅದು ಸಿಕ್ಕ ಬಗೆಯನ್ನೇ ಮುಂದಿಟ್ಟುಕೊಂಡು ಇಂಥ ಹುಡುಕಾಟವನ್ನು ಹಂತ ಹಂತವಾಗಿ ಹೇಗೆ ಮಾಡಬೇಕೆಂದು ಇಲ್ಲಿ ವಿವರಿಸಿದ್ದೇನೆ. ಅಮೆರಿಕದಲ್ಲಿ ನೆಲೆಸಿ, ಅಳಿಯ ಸೊಸೆಯರ ಮೂಲಕ ನ್ಯೂ ಇಂಗ್ಲೆಂಡಿನ ಹಳೆಯ ಮನೆತನಗಳೊಂದಿಗೆ ನೆಂಟಸ್ತನ ಬೆಳೆದಿರುವ ಕನ್ನಡ ಕುಟುಂಬಗಳಿಗೆ, ಮೊಮ್ಮಕ್ಕಳ ಇನ್ನೊಂದು ಕಡೆಯ ವಂಶವನ್ನು ಬರೆಯುವಾಗ ಇದು ನೇರವಾಗಿ ಉಪಯೋಗಕ್ಕೆ ಬಂದೀತು.

ಹಂತ 1: ಆಕೆಯ ಕೊನೆಯ ದಾಖಲೆಯಿಂದ ಹಿಂದಕ್ಕೆ ನಡೆಯಿರಿ

ಹುಟ್ಟಿನಿಂದ ಹುಡುಕಲು ಹೊರಡಬೇಡಿ. ಹುಟ್ಟಿದ ಊರು ಗೊತ್ತಿಲ್ಲ ಎಂಬುದೇ ನಿಮ್ಮ ಪ್ರಶ್ನೆಯಾಗಿರುವಾಗ, ಇಂಗ್ಲೆಂಡಿನ ಎಲ್ಲ ಚರ್ಚುಗಳ ದಾಖಲೆಗಳಲ್ಲಿ ಎಲಿಜಬೆತ್ ಎಂಬ ಹೆಸರನ್ನು ಹುಡುಕಿದರೆ ಸಾವಿರಾರು ಎಲಿಜಬೆತ್‌ಗಳು ಸಿಗುತ್ತಾರೆ, ನಿಮ್ಮ ಎಲಿಜಬೆತ್ ಯಾರೆಂದು ಮಾತ್ರ ತಿಳಿಯುವುದಿಲ್ಲ. ಆಕೆ ಸತ್ತ ಊರು, ಆಕೆಯ ಮಕ್ಕಳು ಇದ್ದ ಊರು, ಅಲ್ಲಿನ ನ್ಯಾಯಾಲಯ, ಅಲ್ಲಿನ ಚರ್ಚು, ಇವುಗಳಿಂದ ಆರಂಭಿಸಿ.

ವಿಧವೆಯಾಗಿ ಸತ್ತ ಹೆಂಗಸಾಗಿದ್ದರೆ ನಿಮ್ಮ ಅದೃಷ್ಟ. ಗಂಡನಿರುವ ಹೆಣ್ಣು ಆತನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿರಲಿಲ್ಲ, ವಿಧವೆ ಬರೆಯಬಹುದಿತ್ತು. ಜಾನ್ ಹೌಲೆಂಡ್ 1673ರ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಎಲಿಜಬೆತ್ ಸ್ವಾನ್ಸಿ ಎಂಬ ಊರಿನಲ್ಲಿ ಮಗಳು ಲಿಡಿಯಾ ಬ್ರೌನ್‌ಳ ಮನೆಯಲ್ಲಿದ್ದು, 1686ರ ಡಿಸೆಂಬರ್ 17ರಂದು ಉಯಿಲು ಬರೆಸಿದಳು. ಅದರ ಆರಂಭದಲ್ಲೇ ತನಗೆ ಎಪ್ಪತ್ತೊಂಬತ್ತು ವರ್ಷ ವಯಸ್ಸಾಗಿದೆ, ಆದರೆ ನೆನಪು ಚೆನ್ನಾಗಿಯೂ ಪೂರ್ಣವಾಗಿಯೂ ಇದೆ ಎಂದು ಹೇಳಿದ್ದಾಳೆ. ಈ ಒಂದು ವಾಕ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. 1686ರಿಂದ 79 ಕಳೆದರೆ 1607 ಬರುತ್ತದೆ, ಒಂದು ವರ್ಷ ಆಚೆ ಈಚೆ ಇಟ್ಟುಕೊಂಡರೂ ಹುಟ್ಟಿನ ವರ್ಷ ಸಣ್ಣ ಚೌಕಟ್ಟಿನೊಳಗೆ ಬಂದು ನಿಲ್ಲುತ್ತದೆ. ಮುಂದೆ ಸಿಗುವ ಯಾವ ದಾಖಲೆಯನ್ನಾದರೂ ಈ ಲೆಕ್ಕಕ್ಕೆ ಹಚ್ಚಿ ನೋಡಬಹುದು.

ಉಯಿಲಿನ ವಸ್ತುಗಳ ಪಟ್ಟಿಯನ್ನು ಬೇಸರದಿಂದ ದಾಟಿಹೋಗಬೇಡಿ. ಲಿಡಿಯಾಳಿಗೆ ಒಳ್ಳೆಯ ಗರಿಹಾಸಿಗೆ, ಮೂರು ಕಂಬಳಿ, ಒಂದು ಹಸಿರು ಹೊದಿಕೆ, ಚಿಕ್ಕ ಹಿತ್ತಾಳೆ ಪಾತ್ರೆ, ಚಿಕ್ಕ ಬೈಬಲ್, ಎಲ್ಲಕ್ಕಿಂತ ನಯವಾದ ಒಂದು ಜೊತೆ ಹಾಸುಬಟ್ಟೆ. ಮಗ ಜೋಸೆಫನಿಗೆ ತೂಗುಕೋಲು. ಮಗ ಜಾನನಿಗೆ ಐದು ಪೌಂಡು ಮತ್ತು ಟಿಂಡೇಲರ ಕೃತಿಗಳ ಪುಸ್ತಕ. ಲಿಡಿಯಾಳಿಗೆ ಕೊಟ್ಟ ಇನ್ನೊಂದು ಪುಸ್ತಕ ಜಾನ್ ರಾಬಿನ್ಸನ್ ಅವರದು. ಆತ ಹಾಲೆಂಡಿನ ಲೈಡನ್ ನಗರದಲ್ಲಿದ್ದ, ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರೆಯಾದ ಇಂಗ್ಲಿಷ್ ಪ್ರತ್ಯೇಕತಾವಾದಿ ಸಭೆಯ ಪಾದ್ರಿ. ಈ ಮುದುಕಿಯ ಪೆಟ್ಟಿಗೆಯಲ್ಲಿದ್ದ ಒಂದು ಪುಸ್ತಕವೇ, ಹುಡುಕಾಟವನ್ನು ಇಂಗ್ಲೆಂಡಿಗೆ ಮಾತ್ರ ಸೀಮಿತಗೊಳಿಸದೆ ಲೈಡನ್ ಕಡೆಗೂ ಕಣ್ಣು ಹಾಯಿಸಬೇಕು ಎಂಬ ಸೂಚನೆ. ಉಯಿಲಿನಲ್ಲಿ ಹೆಸರು ಬಂದ ಪ್ರತಿಯೊಬ್ಬರನ್ನೂ, ಸಾಕ್ಷಿ ಹಾಕಿದವರನ್ನೂ ಸೇರಿಸಿ, ಒಂದು ಪಟ್ಟಿ ಮಾಡಿ ಪಕ್ಕಕ್ಕಿಡಿ.

ಹಂತ 2: ಮನೆತನದಲ್ಲಿ ಹರಿದುಬಂದ ಕಥೆಯನ್ನು ಬಿಡಿ ಬಿಡಿಯಾಗಿ ತೂಗಿ

ಎಲಿಜಬೆತ್ ವಸಾಹತಿನ ಮೊದಲ ಗವರ್ನರ್ ಜಾನ್ ಕಾರ್ವರನ ಮಗಳು ಎಂದು ಹೌಲೆಂಡ್ ವಂಶಸ್ಥರು ಬಹುಕಾಲ ನಂಬಿದ್ದರು. ಆ ನಂಬಿಕೆ ಅಚ್ಚಿನಲ್ಲೂ ಬಂತು. ಅದು ಸುಳ್ಳು. ಆದರೆ ಅದರಲ್ಲೊಂದು ಎಳೆ ನಿಜ: ಜಾನ್ ಹೌಲೆಂಡ್ ಕಾರ್ವರನ ಮನೆಯವರ ಜೊತೆ ಸೇವಕನಾಗಿ, 1620ರಲ್ಲಿ ಪ್ಲಿಮತ್ತಿನ ಮೊದಲ ವಲಸೆಗಾರರನ್ನು ಕರೆತಂದ ಮೇಫ್ಲವರ್ ಹಡಗಿನಲ್ಲಿ ಬಂದವನು. ಆ ಮನೆಯೊಂದಿಗಿನ ನಂಟು ನಾಲ್ಕೈದು ತಲೆಮಾರು ದಾಟುವಷ್ಟರಲ್ಲಿ ರಕ್ತಸಂಬಂಧವಾಗಿ ಬೆಳೆಯಿತು ಎಂದು ನನ್ನ ಊಹೆ. ಇಂಥ ಕಥೆಗಳನ್ನು ಪೂರ್ತಿ ನಂಬುವುದೂ ತಪ್ಪು, ಪೂರ್ತಿ ಎಸೆಯುವುದೂ ತಪ್ಪು. ಕಥೆಯನ್ನು ಸಣ್ಣ ಸಣ್ಣ ಹೇಳಿಕೆಗಳಾಗಿ ಒಡೆದು, ಪ್ರತಿ ಹೇಳಿಕೆಯ ಎದುರು ಮೂರು ವಿಷಯ ಬರೆಯಿರಿ: ಇದನ್ನು ಮೊದಲು ಬರೆದವರು ಯಾರು, ಯಾವ ವರ್ಷ, ಅವರಿಗೆ ಇದು ಗೊತ್ತಾಗಲು ಇದ್ದ ದಾರಿ ಯಾವುದು. ಘಟನೆ ನಡೆದು 150 ವರ್ಷಗಳ ಬಳಿಕ ಬರೆದವರ ಮಾತಿಗೂ, ಅದೇ ಊರಿನಲ್ಲಿ ಅವರ ಜೊತೆ ಬದುಕಿದವರ ಮಾತಿಗೂ ಇರುವ ತೂಕದ ವ್ಯತ್ಯಾಸ ಆಗ ತಾನಾಗಿ ಕಾಣುತ್ತದೆ.

ಈ ಪ್ರಕರಣದಲ್ಲಿ ಜೊತೆಗೆ ಬದುಕಿದವರ ಮಾತು ಸಿಕ್ಕಿತು. ಪ್ಲಿಮತ್ತಿನ ಗವರ್ನರ್ ಆಗಿದ್ದ ವಿಲಿಯಂ ಬ್ರಾಡ್‌ಫರ್ಡ್ ವಸಾಹತಿನ ಇತಿಹಾಸವನ್ನು ಕೈಬರಹದಲ್ಲಿ ಬರೆದಿಟ್ಟು, 1651ರ ಸುಮಾರಿಗೆ ಅದರ ಕೊನೆಗೆ ಮೇಫ್ಲವರ್ ಪ್ರಯಾಣಿಕರ ಪಟ್ಟಿಯೊಂದನ್ನು ಸೇರಿಸಿದ್ದರು. ಬಾಸ್ಟನ್ನಿನಲ್ಲಿದ್ದ ಆ ಹಸ್ತಪ್ರತಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಕಣ್ಮರೆಯಾಗಿ, ಕೊನೆಗೆ 1855ರಲ್ಲಿ ಲಂಡನ್ ಬಿಷಪ್‌ರ ಫುಲಂ ಅರಮನೆಯ ಗ್ರಂಥಾಲಯದಲ್ಲಿ ಪತ್ತೆಯಾಯಿತು. 1856ರಲ್ಲಿ ಅದು ಪೂರ್ಣವಾಗಿ ಅಚ್ಚಾಯಿತು, 1897ರಲ್ಲಿ ಮೂಲಪ್ರತಿಯೇ ಮ್ಯಾಸಚೂಸೆಟ್ಸ್‌ಗೆ ಮರಳಿತು. ಪಟ್ಟಿಯಲ್ಲಿ ಜಾನ್ ಟಿಲ್ಲಿ, ಆತನ ಹೆಂಡತಿ ಮತ್ತು ಅವರ ಮಗಳು ಎಲಿಜಬೆತ್ ಎಂದಿತ್ತು. ಗಂಡ ಹೆಂಡತಿ ಇಬ್ಬರೂ ದಡಕ್ಕಿಳಿದ ಸ್ವಲ್ಪ ದಿನಗಳಲ್ಲೇ ಸತ್ತರು, ಮಗಳು ಜಾನ್ ಹೌಲೆಂಡನನ್ನು ಮದುವೆಯಾದಳು, ಅವರಿಗೆ ಈಗ 10 ಮಕ್ಕಳಿದ್ದು ಎಲ್ಲರೂ ಬದುಕಿದ್ದಾರೆ ಎಂದು ಬ್ರಾಡ್‌ಫರ್ಡ್ ಬರೆದಿದ್ದರು. ಎಲಿಜಬೆತ್ ಆಗ ಬದುಕಿದ್ದಳು, ಬ್ರಾಡ್‌ಫರ್ಡ್ ಆಕೆಯನ್ನು ಬಾಲ್ಯದಿಂದ ಬಲ್ಲವರು. ತಲೆಮಾರುಗಳ ಕಥೆ ಆ ಒಂದು ಪುಟದ ಮುಂದೆ ನಿಲ್ಲಲಿಲ್ಲ. ಇಂದು ಪ್ಲಿಮತ್ತಿನ ಬರಿಯಲ್ ಹಿಲ್ ಸ್ಮಶಾನದಲ್ಲಿರುವ ಹೌಲೆಂಡನ ಕಲ್ಲಿನ ಮೇಲೂ ಹೆಂಡತಿಯನ್ನು ಜಾನ್ ಟಿಲ್ಲಿಯ ಮಗಳೆಂದೇ ಕೆತ್ತಲಾಗಿದೆ.

ಗಮನಿಸಿ, ಬ್ರಾಡ್‌ಫರ್ಡ್ ತಂದೆಯ ಹೆಸರು ಕೊಟ್ಟರು. ತಾಯಿಯ ಹೆಸರು ಕೊಡಲಿಲ್ಲ, ಊರನ್ನೂ ಹೇಳಲಿಲ್ಲ.

ಹಂತ 3: ವಸಾಹತಿನ ದಾಖಲೆಗಳನ್ನು ಬರಿದಾಗುವವರೆಗೆ ಓದಿ

ಸಮುದ್ರ ದಾಟುವ ಆತುರ ಎಲ್ಲರಿಗೂ ಇರುತ್ತದೆ, ಹೆಚ್ಚಿನವರು ಎಡವುವುದೂ ಅಲ್ಲೇ. ಆಕೆ ಬದುಕಿದ ನೆಲದ ಕಡತಗಳು ಮುಗಿಯುವ ಮೊದಲು ಇಂಗ್ಲೆಂಡಿಗೆ ಹೋಗಬೇಡಿ. ಪ್ಲಿಮತ್ ವಸಾಹತಿನ ನ್ಯಾಯಾಲಯದ ತೀರ್ಪುಗಳು, ಜಮೀನಿನ ಪತ್ರಗಳು ಮುಂತಾದ ಕಡತಗಳು 1855ರಿಂದ 1861ರ ನಡುವೆ 12 ಸಂಪುಟಗಳಾಗಿ ಅಚ್ಚಾಗಿವೆ. ಅವು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. 1845ರಲ್ಲಿ ಸ್ಥಾಪನೆಯಾದ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿಯಲ್ಲಿ ಹಸ್ತಪ್ರತಿಗಳೂ ಸಂಶೋಧನಾ ಪತ್ರಿಕೆಗಳೂ ಇವೆ. ಮೊದಲ ವಲಸೆಗಾರರನ್ನು ಒಬ್ಬೊಬ್ಬರನ್ನಾಗಿ ಪರಿಶೀಲಿಸುವ ಗ್ರೇಟ್ ಮೈಗ್ರೇಶನ್ ಅಧ್ಯಯನ ಯೋಜನೆ ಅಲ್ಲಿಯೇ 1988ರಲ್ಲಿ ರಾಬರ್ಟ್ ಚಾರ್ಲ್ಸ್ ಆಂಡರ್ಸನ್ ಅವರ ನೇತೃತ್ವದಲ್ಲಿ ಶುರುವಾಯಿತು. ಹೊಸದಾಗಿ ಹುಡುಕುವ ಮೊದಲು ಈ ಯೋಜನೆ ಆಕೆಯ ಗಂಡನ ಬಗ್ಗೆ ಏನು ಹೇಳಿದೆ ಎಂದು ನೋಡಿದರೆ ತಿಂಗಳುಗಳ ಶ್ರಮ ಉಳಿಯುತ್ತದೆ.

ಓದುವಾಗ ಆಕೆಯ ಹೆಸರನ್ನಷ್ಟೇ ಹುಡುಕಬೇಡಿ. ಗಂಡ ಯಾರಿಂದ ಜಮೀನು ಕೊಂಡ, ಪಕ್ಕದ ಹೊಲ ಯಾರದು, ಯಾರ ಉಯಿಲಿಗೆ ಸಾಕ್ಷಿ ಹಾಕಿದ, ಅನಾಥ ಮಗುವನ್ನು ಯಾರ ಮನೆಗೆ ಒಪ್ಪಿಸಿದರು, ಇವೆಲ್ಲ ಬೇಕು. ಮಕ್ಕಳ ಹೆಸರುಗಳನ್ನೂ ಗಮನಿಸಿ. ಹೌಲೆಂಡ್ ದಂಪತಿಯ ಹಿರಿಯ ಮಗಳು ಡಿಸೈರ್. ಕಾರ್ವರನ ಮನೆಯವರ ಜೊತೆ ಬಂದಿದ್ದ ಹುಡುಗಿಯ ಹೆಸರು ಡಿಸೈರ್ ಮಿಂಟರ್. ಆಕೆ ಇಂಗ್ಲೆಂಡಿಗೆ ಮರಳಿ ಅಲ್ಲೇ ತೀರಿಕೊಂಡಳು ಎಂದು ಬ್ರಾಡ್‌ಫರ್ಡ್ ಬರೆದಿದ್ದಾರೆ. ಇಂಥ ಅಪರೂಪದ ಹೆಸರು ಸ್ನೇಹದ ನೆನಪಾಗಿರಬಹುದು, ಆದರೆ ಹೆಸರೊಂದನ್ನೇ ನಂಬಿ ನೆಂಟಸ್ತನ ಕಟ್ಟಬಾರದು.

ಹಂತ 4: ಆಕೆಯನ್ನು ಬಿಟ್ಟು ಆಕೆಯ ಸುತ್ತಲಿನವರನ್ನು ಹುಡುಕಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹೆಣ್ಣಿನ ತವರಿನ ದಾರಿ ಆಕೆಯ ಹೆಸರಿನ ಮೂಲಕ ಹೋಗುವುದು ವಿರಳ. ಅದು ಚಿಕ್ಕಪ್ಪ, ಚಿಕ್ಕಮ್ಮ, ಚಿಕ್ಕಮ್ಮನ ತವರಿನವರು, ನೆರೆಮನೆಯವರು, ಒಂದೇ ಹಡಗಿನಲ್ಲಿ ಬಂದವರು, ಇವರ ಮೂಲಕ ಹೋಗುತ್ತದೆ. ನಮ್ಮ ಊರುಗಳಿಗೆ ಎತ್ತಿನೊಂದಿಗೆ ಬಂದು ವಂಶಾವಳಿ ಹೇಳುವ ಹೆಳವರನ್ನು ಕೇಳಿದವರಿಗೆ ಇದು ಹೊಸದಲ್ಲ. ಅವರೂ ಒಬ್ಬರ ಹೆಸರನ್ನು ಒಂಟಿಯಾಗಿ ಹೇಳುವುದಿಲ್ಲ, ಮನೆಯನ್ನೂ ಊರನ್ನೂ ಬಳಗವನ್ನೂ ಕೂಡಿಸಿಯೇ ಹೇಳುತ್ತಾರೆ.

ಜಾನ್ ಟಿಲ್ಲಿ ಎಂಬ ಹೆಸರು ಇಂಗ್ಲೆಂಡಿನಲ್ಲಿ ಅಪರೂಪವಲ್ಲ, ಎಲಿಜಬೆತ್ ಎಂಬುದಂತೂ ರಾಣಿಯದೇ ಹೆಸರು. ಈ ಎರಡರಿಂದ ಊರನ್ನು ಹಿಡಿಯುವುದು ಅಸಾಧ್ಯವೇ ಸರಿ. ಆದರೆ ಬ್ರಾಡ್‌ಫರ್ಡರ ಪಟ್ಟಿಯಲ್ಲಿ ಇನ್ನೊಂದು ಮನೆಯೂ ಇದೆ: ಎಡ್ವರ್ಡ್ ಟಿಲ್ಲಿ, ಆತನ ಹೆಂಡತಿ ಆನ್, ಮತ್ತು ಅವರ ಕಸಿನ್‌ಗಳಾದ ಹೆನ್ರಿ ಸ್ಯಾಮ್ಸನ್ ಹಾಗೂ ಹ್ಯುಮಿಲಿಟಿ ಕೂಪರ್ ಎಂಬ ಇಬ್ಬರು ಮಕ್ಕಳು. ಎಡ್ವರ್ಡ್ ಮತ್ತು ಆನ್ ಕೂಡ ಮೊದಲ ಚಳಿಗಾಲದಲ್ಲೇ ಸತ್ತರು. ಹ್ಯುಮಿಲಿಟಿಯನ್ನು ಇಂಗ್ಲೆಂಡಿಗೆ ಕಳುಹಿಸಿದರು, ಹೆನ್ರಿ ಪ್ಲಿಮತ್ತಿನಲ್ಲೇ ಬೆಳೆದು ಸಂಸಾರಸ್ಥನಾದ. ಹದಿಮೂರರ ಎಲಿಜಬೆತ್‌ಗೆ ಆ ವಸಂತ ಬರುವಷ್ಟರಲ್ಲಿ ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ ಯಾರೂ ಉಳಿದಿರಲಿಲ್ಲ. ಆಕೆಯ ತವರಿನ ವಿಷಯ ಯಾಕೆ ಹೀಗೆ ಮಸುಕಾಯಿತು ಎಂಬುದಕ್ಕೆ ಕಾನೂನಿಗಿಂತ ದೊಡ್ಡ ಕಾರಣ ಈ ಸಾವುಗಳು ಎಂದು ನಾನು ಭಾವಿಸುತ್ತೇನೆ.

ಈಗ ಪ್ರಶ್ನೆಯನ್ನು ಬದಲಿಸಿ ಕೇಳಿ. ಎಲಿಜಬೆತ್ ಟಿಲ್ಲಿ ಎಲ್ಲಿ ಹುಟ್ಟಿದಳು ಎನ್ನುವ ಬದಲು, ಟಿಲ್ಲಿ, ಕೂಪರ್, ಸ್ಯಾಮ್ಸನ್ ಈ ಮೂರು ಮನೆತನಗಳು ಒಂದೇ ಕಾಲದಲ್ಲಿ, ಮದುವೆಯ ಸಂಬಂಧದಿಂದ ಕೂಡಿಕೊಂಡು, ಇಂಗ್ಲೆಂಡಿನ ಯಾವ ಊರಿನಲ್ಲಿದ್ದವು ಎಂದು ಕೇಳಿ. ಆ ಊರು ಬೆಡ್‌ಫರ್ಡ್‌ಶೈರ್ ಕೌಂಟಿಯ ಹೆನ್ಲೋ. ಅಲ್ಲಿನ ಚರ್ಚಿನ ದಾಖಲೆಯಲ್ಲಿ ಎಡ್ವರ್ಡ್ ಟಿಲ್ಲಿ 1614ರ ಜೂನ್ 20ರಂದು ಆಗ್ನಿಸ್ ಕೂಪರ್‌ಳನ್ನು (ಪಟ್ಟಿಯ ಆನ್ ಇವಳೇ, ಕಾರಣ ಹಂತ 6ರಲ್ಲಿದೆ) ಮದುವೆಯಾಗಿದ್ದಾನೆ. ಜೇಮ್ಸ್ ಸ್ಯಾಮ್ಸನ್ ಮತ್ತು ಮಾರ್ತಾ ಕೂಪರ್ ದಂಪತಿಯ ಮಗ ಹೆನ್ರಿಯ ದೀಕ್ಷಾಸ್ನಾನವೂ (ಸಾಮಾನ್ಯವಾಗಿ ಹುಟ್ಟಿದ ಸ್ವಲ್ಪ ದಿನಗಳಲ್ಲೇ ಚರ್ಚಿನಲ್ಲಿ ಶಿಶುವಿಗೆ ಮಾಡುವ ಸಂಸ್ಕಾರ) ಅಲ್ಲೇ ಆಗಿದೆ. ಆಗ್ನಿಸ್ ಮತ್ತು ಮಾರ್ತಾ ಅಕ್ಕತಂಗಿಯರು; ಹ್ಯುಮಿಲಿಟಿ ಅವರ ಸಹೋದರ ರಾಬರ್ಟ್ ಕೂಪರನ ಮಗಳು. ಎಂದರೆ ಬ್ರಾಡ್‌ಫರ್ಡರ ಕಸಿನ್‌ಗಳು ಆನ್‌ಳ ಅಕ್ಕತಂಗಿಯ ಮಗ ಮತ್ತು ಸಹೋದರನ ಮಗಳು. ಎಡ್ವರ್ಡನಿಗೆ ಜಾನ್ ಎಂಬ ಅಣ್ಣನಿದ್ದ, ಆತ ಜೋನ್ ಎಂಬಾಕೆಯನ್ನು ಮದುವೆಯಾಗಿದ್ದ, ಅವರ ಮಗಳು ಎಲಿಜಬೆತ್‌ಗೆ 1607ರ ಆಗಸ್ಟ್ 30ರಂದು ದೀಕ್ಷಾಸ್ನಾನವಾಗಿದೆ. ಉಯಿಲಿನ ಎಪ್ಪತ್ತೊಂಬತ್ತು ವರ್ಷ ಇಲ್ಲಿಗೆ ಬಂದು ಕೂಡಿತು.

ಈ ಗಂಟನ್ನು ಬಿಡಿಸಿ, ಹೆನ್ಲೋ ದಾಖಲೆಗಳನ್ನು 1976ರಲ್ಲಿ ದಿ ಅಮೆರಿಕನ್ ಜೀನಿಯಾಲಜಿಸ್ಟ್ ಪತ್ರಿಕೆಯಲ್ಲಿ ಪ್ರಕಟಿಸಿದವರು ರಾಬರ್ಟ್ ಲೀ ವಾರ್ಡ್. ಬ್ರಾಡ್‌ಫರ್ಡರ ಪಟ್ಟಿ ಪೂರ್ಣವಾಗಿ ಅಚ್ಚಾಗಿ ಆಗ 120 ವರ್ಷಗಳಾಗಿದ್ದವು. ಎಲಿಜಬೆತ್‌ಳ ತವರನ್ನು ಸಾಬೀತುಪಡಿಸಿದ ಬಲವಾದ ಸಾಕ್ಷಿ ಆಕೆಯ ಚಿಕ್ಕಮ್ಮನ ತವರಿನಿಂದ ಬಂತು ಎಂಬುದನ್ನು ಒಮ್ಮೆ ನಿಂತು ಯೋಚಿಸಿ. ಹೆನ್ರಿ ಸ್ಯಾಮ್ಸನ್ನನಿಗೂ ಎಲಿಜಬೆತ್‌ಗೂ ರಕ್ತಸಂಬಂಧವೇ ಇಲ್ಲ, ಆದರೂ ಆತನಿಲ್ಲದೆ ಆಕೆಯ ಊರು ಖಚಿತವಾಗುತ್ತಿರಲಿಲ್ಲ.

ನಿಮ್ಮ ಹುಡುಕಾಟಕ್ಕೆ ಒಂದು ದೊಡ್ಡ ಹಾಳೆ ತೆಗೆದುಕೊಂಡು, ನಡುವೆ ಆಕೆಯ ಹೆಸರು ಬರೆದು, ಮೊದಲ ಹಂತದಿಂದ ಕೂಡಿಸಿದ ಎಲ್ಲ ಹೆಸರುಗಳನ್ನು ಸುತ್ತ ಬರೆಯಿರಿ. ಅವುಗಳಲ್ಲಿ ತೀರ ಸಾಮಾನ್ಯವಲ್ಲದ ಹೆಸರನ್ನು ಮೊದಲು ಹುಡುಕಿ. ಹ್ಯುಮಿಲಿಟಿ ಎಂಬ ಹೆಸರು ನೂರು ಎಲಿಜಬೆತ್‌ಗಳಿಗಿಂತ ಹೆಚ್ಚು ದಾರಿ ತೋರಿಸಬಲ್ಲದು.

ಹಂತ 5: ಇಂಗ್ಲೆಂಡಿನ ಚರ್ಚು ದಾಖಲೆಗಳನ್ನು ಓದುವ ಕ್ರಮ

ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪ್ರತಿ ಪ್ಯಾರಿಷ್ ಚರ್ಚೂ ದಾಖಲಿಸಬೇಕೆಂದು ರಾಜ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆದೇಶಿಸಿದ. ಹಳೆಯ ಕಾಗದದ ದಾಖಲೆಗಳನ್ನು ಚರ್ಮಪತ್ರಕ್ಕೆ ನಕಲು ಮಾಡಬೇಕು, ವರ್ಷಕ್ಕೊಮ್ಮೆ ಬಿಷಪ್‌ರ ಕಚೇರಿಗೆ ಪ್ರತಿ ಕಳುಹಿಸಬೇಕು ಎಂಬ ನಿಯಮ 1598ರಲ್ಲಿ ಬಂತು. ಇದರಿಂದ ಎರಡು ವಿಷಯಗಳು ತಿಳಿಯುತ್ತವೆ. ಚರ್ಚಿನ ಪುಸ್ತಕ ಹಾಳಾಗಿದ್ದರೂ ಬಿಷಪ್‌ರ ಪ್ರತಿ ಉಳಿದಿರಬಹುದು, ಆದ್ದರಿಂದ ಎರಡನ್ನೂ ಕೇಳಿ. ಇನ್ನು 1598ಕ್ಕಿಂತ ಹಿಂದಿನ ನಮೂದುಗಳು ಹಲವು ಕಡೆ ಮೂಲವಾಗಿರದೆ ನಕಲಾಗಿರುವುದರಿಂದ, ನಕಲು ಮಾಡಿದವರ ಕೈತಪ್ಪಿಗೂ ಅವಕಾಶವಿದೆ.

ಹುಡುಕಲು ಫ್ಯಾಮಿಲಿಸರ್ಚ್ ಜಾಲತಾಣ ಉಚಿತ. ಆದರೆ ಅದರ ಸೂಚಿಯಲ್ಲಿ ಕಂಡ ಹೆಸರನ್ನೇ ಸಾಕ್ಷಿ ಎಂದು ಒಪ್ಪಬೇಡಿ, ಮೂಲ ಪುಟದ ಚಿತ್ರವನ್ನು ನೋಡಿ. ಚಿತ್ರ ಜಾಲದಲ್ಲಿ ಇಲ್ಲದಿದ್ದರೆ ಆಯಾ ಕೌಂಟಿಯ ದಾಖಲೆ ಕಚೇರಿಗೆ ಬರೆಯಿರಿ. ಹೆನ್ಲೋಗೆ ಸಂಬಂಧಿಸಿದ ಕಾಗದಪತ್ರಗಳಿಗೆ ಬೆಡ್‌ಫರ್ಡ್ ನಗರದ ಬೆಡ್‌ಫರ್ಡ್‌ಶೈರ್ ಆರ್ಕೈವ್ಸ್ ಅನ್ನು ಕೇಳಬೇಕು. ಕ್ಯಾಂಟರ್ಬರಿ ಆರ್ಚ್‌ಬಿಷಪ್‌ರ ನ್ಯಾಯಾಲಯದಲ್ಲಿ ದಾಖಲಾದ ಉಯಿಲುಗಳು ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಅಜ್ಜನ ಉಯಿಲಿನಲ್ಲಿ ಮಗಳ, ಅಳಿಯನ, ಮೊಮ್ಮಕ್ಕಳ ಹೆಸರು ಒಟ್ಟಿಗೆ ಸಿಗುವುದರಿಂದ, ಚರ್ಚಿನ ಒಂದು ಸಾಲು ಕೊಡಲಾರದ್ದನ್ನು ಉಯಿಲಿನ ಒಂದು ವಾಕ್ಯ ಕೊಡುತ್ತದೆ.

ಅಂದಿನ ಕೈಬರಹ ಮೊದಲ ನೋಟಕ್ಕೆ ಅಕ್ಷರವೆಂದೇ ಅನ್ನಿಸುವುದಿಲ್ಲ. ಒಂದೇ ಪುಟದಲ್ಲಿ ಖಚಿತವಾಗಿ ಓದಲು ಬರುವ ಜಾನ್, ಮೇರಿ, ಥಾಮಸ್ ಮುಂತಾದ ಹೆಸರುಗಳಿಂದ ಆ ಗುಮಾಸ್ತನ ಅಕ್ಷರಗಳನ್ನು ಬಿಡಿಸಿ ಒಂದು ವರ್ಣಮಾಲೆ ಮಾಡಿಕೊಳ್ಳಿ, ನಂತರ ಉಳಿದ ಹೆಸರುಗಳಿಗೆ ಕೈ ಹಾಕಿ. ಲ್ಯಾಟಿನ್ನಿನಲ್ಲಿ ಬರೆದ ಪುಟಗಳಿದ್ದರೆ ಫಿಲಿಯಾ ಎಂದರೆ ಮಗಳು, ಉಕ್ಸರ್ ಎಂದರೆ ಹೆಂಡತಿ ಎಂಬಷ್ಟು ಗೊತ್ತಿದ್ದರೆ ಬಹುಪಾಲು ಕೆಲಸ ಸಾಗುತ್ತದೆ.

ದಿನಾಂಕಗಳ ವಿಷಯದಲ್ಲಿ ತುಂಬ ಎಚ್ಚರ ಬೇಕು. 1752ರ ಬದಲಾವಣೆಗೆ ಮುಂಚೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಕಾನೂನಿನ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಆದ್ದರಿಂದ ಹೆನ್ರಿ ಸ್ಯಾಮ್ಸನ್ನನ ದೀಕ್ಷಾಸ್ನಾನದ ದಾಖಲೆಯಲ್ಲಿ 1603ರ ಜನವರಿ 15 ಎಂದಿದ್ದರೆ, ನಮ್ಮ ಲೆಕ್ಕದಲ್ಲಿ ಅದು 1604. ಸಂಶೋಧಕರು ಇದನ್ನು 1603/4 ಎಂದು ಬರೆಯುತ್ತಾರೆ, ನೀವೂ ಹಾಗೇ ಬರೆಯಿರಿ. ಈ ಒಂದು ವರ್ಷದ ಎಡವಟ್ಟಿನಿಂದ ಮದುವೆಗೆ ಮುಂಚೆಯೇ ಮಗು ಹುಟ್ಟಿತೆಂದು ತಪ್ಪಾಗಿ ಕಾಣುವುದುಂಟು, ತಾಯಿ ಸತ್ತ ಮೇಲೆ ಮಗು ಹುಟ್ಟಿದಂತೆ ಕಾಣುವುದೂ ಉಂಟು.

ಹಂತ 6: ಪದಗಳೂ ಹೆಸರುಗಳೂ ಇಂದಿನ ಅರ್ಥದವಲ್ಲ

ಅಂದಿನ ಇಂಗ್ಲಿಷಿನಲ್ಲಿ ಕಸಿನ್ ಎಂದರೆ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೇ ಆಗಬೇಕಿಲ್ಲ, ಅಕ್ಕ ತಂಗಿ ಅಣ್ಣ ತಮ್ಮಂದಿರ ಮಕ್ಕಳಿಗೂ ಅದೇ ಪದ. ಸನ್ ಇನ್ ಲಾ ಎಂದರೆ ಅಳಿಯನೂ ಆಗಬಹುದು, ಮಲಮಗನೂ ಆಗಬಹುದು. ಮದರ್ ಎಂಬುದು ಅತ್ತೆಗೂ ಮಲತಾಯಿಗೂ ಸಲ್ಲುತ್ತಿತ್ತು. ಒಂದೇ ಊರಿನ ಸೀನಿಯರ್, ಜೂನಿಯರ್ ಎಂಬಿಬ್ಬರು ತಂದೆ ಮಗನೇ ಆಗಿರಬೇಕೆಂದಿಲ್ಲ, ಒಂದೇ ಹೆಸರಿನ ಹಿರಿಯ ಮತ್ತು ಕಿರಿಯ ಅಷ್ಟೇ. ಮಿಸೆಸ್ ಎಂಬುದು ಮದುವೆಗಿಂತ ಅಂತಸ್ತನ್ನು ಸೂಚಿಸುತ್ತಿತ್ತು. ಆನ್ ಮತ್ತು ಆಗ್ನಿಸ್ ಎಂಬ ಹೆಸರುಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸುತ್ತಿದ್ದರು. ಹೆನ್ಲೋ ಮದುವೆಯಲ್ಲಿ ಆಗ್ನಿಸ್ ಎಂದಿದೆ, ಇವಳು ಆನ್ ಅಲ್ಲ ಎಂದು ಯಾರಾದರೂ ಕೈಬಿಟ್ಟಿದ್ದರೆ ಇಡೀ ಎಳೆ ಅಲ್ಲೇ ತುಂಡಾಗುತ್ತಿತ್ತು.

ಹಂತ 7: ನಿಮ್ಮ ಉತ್ತರವನ್ನು ಕೆಡವಲು ನೀವೇ ಪ್ರಯತ್ನಿಸಿ

ಹೊಂದುವ ದಾಖಲೆ ಸಿಕ್ಕ ಸಂತೋಷದಲ್ಲಿ ಹುಡುಕಾಟ ನಿಲ್ಲಿಸುವುದು ಈ ಕೆಲಸದ ದೊಡ್ಡ ಅಪಾಯ. ಹಳೆಯ ಕೆಲವು ವಂಶಾವಳಿಗಳು ಲೈಡನ್ನಿನಲ್ಲಿ ವಾನ್ ಡೆರ್ ವೆಲ್ಡೆ ಎಂಬ ಮನೆತನದ ಹೆಣ್ಣನ್ನು ಮದುವೆಯಾದ ಒಬ್ಬ ಜಾನ್ ಟಿಲ್ಲಿಯನ್ನು ಮೇಫ್ಲವರ್‌ನ ಜಾನ್ ಟಿಲ್ಲಿಯೆಂದು ಬರೆದವು. ಊರು ಹೊಂದುತ್ತಿತ್ತು, ಕಾಲ ಹೊಂದುತ್ತಿತ್ತು, ಹೆಸರೂ ಹೊಂದುತ್ತಿತ್ತು. ಆದರೆ ಆತ ಬೇರೆ ಮನುಷ್ಯ.

ಹೆನ್ಲೋದ ಎಲಿಜಬೆತ್ ಅದೇ ಊರಿನಲ್ಲಿ ಮದುವೆಯಾಗಿದ್ದರೆ ಅಥವಾ ಶಿಶುವಾಗಿಯೇ ಸತ್ತಿದ್ದರೆ ಆಕೆ ಪ್ಲಿಮತ್ತಿನ ಎಲಿಜಬೆತ್ ಆಗಲಾರಳು. ಆದ್ದರಿಂದ 1607ರ ನಂತರದ ಶವಸಂಸ್ಕಾರ ಮತ್ತು ಮದುವೆಗಳ ಪುಟಗಳನ್ನು ಒಂದೂ ಬಿಡದೆ ನೋಡಬೇಕು. ತಂದೆತಾಯಿ ಊರು ಬಿಟ್ಟ ವರ್ಷದ ನಂತರವೂ ಅವರ ಹೆಸರು ಅಲ್ಲಿ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು. ಸುತ್ತಲಿನ ಊರುಗಳಲ್ಲಿ ಅದೇ ವಯಸ್ಸಿನ ಇನ್ನೊಬ್ಬಳು ಇದ್ದಾಳೆಯೇ ಎಂದೂ ನೋಡಬೇಕು. ಬಳಿಕ ವಯಸ್ಸಿನ ಲೆಕ್ಕ ಹಾಕಿ. ಜೋನ್ ಹರ್ಸ್ಟ್‌ಳ ದೀಕ್ಷಾಸ್ನಾನ ಹೆನ್ಲೋದಲ್ಲಿ 1567/8ರ ಮಾರ್ಚ್ 13ರಂದು, 1593ರಲ್ಲಿ ಥಾಮಸ್ ರಾಜರ್ಸ್ ಎಂಬಾತನೊಂದಿಗೆ ಮೊದಲ ಮದುವೆ, 1594ರಲ್ಲಿ ಒಬ್ಬ ಮಗಳು, 1596ರ ಸೆಪ್ಟೆಂಬರ್ 20ರಂದು ಜಾನ್ ಟಿಲ್ಲಿಯೊಂದಿಗೆ ಎರಡನೆಯ ಮದುವೆ. ಎಲಿಜಬೆತ್ ಕಿರಿಯ ಮಗಳು. ಆಕೆ ಹುಟ್ಟಿದಾಗ ತಾಯಿಗೆ 39. ಎಲ್ಲೂ ಅಸಂಭವವಿಲ್ಲ. ಬ್ರಾಡ್‌ಫರ್ಡ್ ಹೆಸರಿಸದೆ ಬಿಟ್ಟ ತಾಯಿಗೆ ಹೀಗೆ ಹೆಸರು ಸಿಕ್ಕಿತು, ಆಕೆ ಜೋನ್ ಹರ್ಸ್ಟ್. ಅಕ್ಕ ಅಣ್ಣಂದಿರನ್ನು ಬಿಟ್ಟು ಈ ಒಬ್ಬಳನ್ನೇ ಕರೆದುಕೊಂಡು ದಂಪತಿ ಹಡಗು ಹತ್ತಿದ್ದರು.

ಮರುಮದುವೆಯಾದ ವಿಧವೆಯನ್ನು ಹುಡುಕುವಾಗ ಒಂದು ಸೂಕ್ಷ್ಮವನ್ನು ಮರೆಯಬೇಡಿ. ಎರಡನೆಯ ಮದುವೆಯ ದಾಖಲೆಯಲ್ಲಿರುವ ಹೆಸರು ಮೊದಲ ಗಂಡನದಾಗಿರಬಹುದು. ಜೋನ್ ರಾಜರ್ಸ್ ಎಂಬುದನ್ನು ತವರಿನ ಹೆಸರೆಂದು ಭಾವಿಸಿದವರು ರಾಜರ್ಸ್ ಮನೆತನದಲ್ಲಿ ಆಕೆಯ ಅಪ್ಪನನ್ನು ಹುಡುಕುತ್ತ ಕೂರುತ್ತಾರೆ.

ಹಂತ 8: ಡಿಎನ್‌ಎ ಪರೀಕ್ಷೆಗೆ ಅದರ ಮಿತಿಯೊಳಗೆ ಕೆಲಸ ಕೊಡಿ

ಮನೆಗೆ ತರಿಸುವ ಸಾಮಾನ್ಯ ಡಿಎನ್‌ಎ ಪರೀಕ್ಷೆ ಐದಾರು ತಲೆಮಾರಿನ ಆಚೆಗೆ ನಂಬಿಕೆಗೆ ಅರ್ಹವಲ್ಲ, ನಾನೂರು ವರ್ಷಗಳ ಹಿಂದಿನ ಪ್ರಶ್ನೆಯನ್ನು ಅದಕ್ಕೆ ಕೇಳಬಾರದು. ತಾಯಿಯಿಂದ ಮಗಳಿಗೆ, ಆ ಮಗಳಿಂದ ಆಕೆಯ ಮಗಳಿಗೆ ಹೀಗೆ ಹರಿಯುವ ಮೈಟೊಕಾಂಡ್ರಿಯದ ಡಿಎನ್‌ಎ ಬೇರೆ ಬಗೆಯದು; ಅದು ತಲೆಮಾರುಗಳನ್ನು ದಾಟಿಯೂ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಆಕೆಯಿಂದ ಇಂದಿನವರೆಗೆ ನಡುವೆ ಒಬ್ಬ ಗಂಡಸೂ ಬಾರದಂತೆ ಹೆಣ್ಣು ಸಂತತಿಯ ಸಾಲೊಂದು ಸಿಕ್ಕರೆ, ಮತ್ತು ಇಂಗ್ಲೆಂಡಿನಲ್ಲಿ ಆಕೆಯ ಅಕ್ಕತಂಗಿಯದೋ ತಾಯಿಯ ಕಡೆಯದೋ ಅಂಥದೇ ಇನ್ನೊಂದು ಸಾಲು ಸಿಕ್ಕರೆ, ಎರಡನ್ನೂ ಹೋಲಿಸಬಹುದು. ಹೊಂದದಿದ್ದರೆ ಊಹೆ ಬಿದ್ದುಹೋಗುತ್ತದೆ. ಹೊಂದಿದರೆ ಅಷ್ಟರಿಂದಲೇ ಸಾಬೀತಾಗುವುದಿಲ್ಲ, ಏಕೆಂದರೆ ಅದೇ ಡಿಎನ್‌ಎ ಇರುವ ಸಾವಿರಾರು ಹೆಂಗಸರು ಇರಬಲ್ಲರು. ಆ ಹೆಣ್ಣು ಸಾಲನ್ನು ಕಟ್ಟುವುದಕ್ಕೂ ಪ್ರತಿ ತಲೆಮಾರಿನ ತವರನ್ನು ಇದೇ ರೀತಿ ಹುಡುಕಬೇಕಾಗುತ್ತದೆ.

ಹಂತ 9: ಎಷ್ಟು ಖಚಿತವೋ ಅಷ್ಟನ್ನೇ ಬರೆಯಿರಿ

ಕೊನೆಯದಾಗಿ ಬರವಣಿಗೆ. ಪ್ರತಿ ಸಂಬಂಧದ ಎದುರು ದೃಢ, ಸಂಭವನೀಯ, ಊಹೆ ಎಂಬ ಮೂರು ಪದಗಳಲ್ಲಿ ಒಂದನ್ನು ಬರೆದು, ಅದಕ್ಕೆ ಆಧಾರವಾದ ದಾಖಲೆಯನ್ನು ಪುಟಸಮೇತ ಗುರುತಿಸಿ. ಈ ಶಿಸ್ತಿಲ್ಲದೆ ಏನಾಗುತ್ತದೆ ಎಂಬುದಕ್ಕೆ ಇದೇ ಹಡಗಿನ ಸ್ಟೀಫನ್ ಹಾಪ್ಕಿನ್ಸ್ ಸಾಕ್ಷಿ. ಆತನ ಮೊದಲ ಹೆಂಡತಿ ಕಾನ್‌ಸ್ಟನ್ಸ್ ಡಡ್ಲಿ ಎಂದು ಆಧಾರವಿಲ್ಲದೆ ಹಬ್ಬಿದ ಹೆಸರು ವಂಶವೃಕ್ಷಗಳಲ್ಲಿ ಬೇರುಬಿಟ್ಟಿತ್ತು. ಹ್ಯಾಂಪ್‌ಶೈರಿನ ಹರ್ಸ್ಲಿ ಊರಿನ ಚರ್ಚು ದಾಖಲೆಗಳನ್ನು ಕೇಲೆಬ್ ಜಾನ್ಸನ್ 1998ರಲ್ಲಿ ಪ್ರಕಟಿಸಿದಾಗ, ಆಕೆಯ ಹೆಸರು ಮೇರಿ ಎಂದೂ 1613ರ ಮೇ ತಿಂಗಳಲ್ಲಿ ಅಲ್ಲೇ ಆಕೆಯ ಶವಸಂಸ್ಕಾರವಾಯಿತೆಂದೂ ತಿಳಿಯಿತು. ಜಾಲತಾಣಗಳ ಎಷ್ಟೋ ವಂಶವೃಕ್ಷಗಳಲ್ಲಿ ಇಂದಿಗೂ ಡಡ್ಲಿ ಇದ್ದಾಳೆ, ಮೇರಿಗೆ ಜಾಗವಿಲ್ಲ.

ಕೆಲವು ಪ್ರಶ್ನೆಗಳಿಗೆ ಉತ್ತರ ಸಿಗದೆಯೂ ಹೋಗಬಹುದು, ಆಗ ಆ ಜಾಗವನ್ನು ಖಾಲಿ ಬಿಡಿ. ಸರ್ರಿ ಕೌಂಟಿಯ ಡಾರ್ಕಿಂಗ್ ಊರಿನಿಂದ ಬಂದ ವಿಲಿಯಂ ಮಲಿನ್ಸ್ 1621ರಲ್ಲಿ ಪ್ಲಿಮತ್ತಿನಲ್ಲಿ ಸಾಯುವ ಮುನ್ನ ಹೇಳಿ ಬರೆಸಿದ ಉಯಿಲಿನಲ್ಲಿ ಹೆಂಡತಿ ಆಲಿಸ್, ಮಗಳು ಪ್ರಿಸಿಲ್ಲಾ, ಮಗ ಜೋಸೆಫ್, ಇಂಗ್ಲೆಂಡಿನಲ್ಲೇ ಉಳಿದ ಹಿರಿಯ ಮಗ ವಿಲಿಯಂ ಮತ್ತು ಮದುವೆಯಾದ ಮಗಳು ಸಾರಾ ಎಲ್ಲರೂ ಇದ್ದಾರೆ. ಆಲಿಸ್ ಪ್ರಿಸಿಲ್ಲಾಳ ಹೆತ್ತ ತಾಯಿಯೋ ಮಲತಾಯಿಯೋ ಎಂದು ಉಯಿಲು ಹೇಳುವುದಿಲ್ಲ. ಹಾಗಾದರೆ ಆಲಿಸ್ ಎಂಬ ಹೆಸರನ್ನು ವಿಲಿಯಂನ ಹೆಂಡತಿ ಎಂಬಲ್ಲಿ ದೃಢವೆಂದು ಬರೆಯಬೇಕು, ಪ್ರಿಸಿಲ್ಲಾಳ ತಾಯಿ ಎಂಬಲ್ಲಿ ಸಂಭವನೀಯ ಎಂದು ಬರೆಯಬೇಕು, ಆಲಿಸ್‌ಳ ತವರು ಎಂಬಲ್ಲಿ ಏನನ್ನೂ ಬರೆಯಬಾರದು. ಆ ಖಾಲಿ ಜಾಗದ ಕೆಳಗೆ, ನೀವು ಯಾವ ಊರಿನ ಯಾವ ಪುಸ್ತಕವನ್ನು ಯಾವ ವರ್ಷದಿಂದ ಯಾವ ವರ್ಷದವರೆಗೆ ಓದಿದಿರಿ, ಅಲ್ಲಿ ಏನು ಸಿಗಲಿಲ್ಲ ಎಂಬುದನ್ನು ದಿನಾಂಕ ಸಮೇತ ಬರೆದಿಡಿ. ಮುಂದೆ ಇದೇ ತವರನ್ನು ಹುಡುಕಿ ಬರುವವರು ನೀವು ಮುಚ್ಚಿದ ಪುಸ್ತಕದ ಮುಂದಿನ ಪುಸ್ತಕದಿಂದ ಶುರುಮಾಡಬಹುದು.